ಪೀಪಾಯಿಯಲ್ಲಿ ಬಿಯರ್ ಮಾಗುವ ಕಾಲ: ‘ಒಂದಕ್ಕೆ ಮೂರು’ ಎಂಬ ಲೆಕ್ಕದ ಮರುಪರಿಶೀಲನೆ, ಧಾರವಾಡ ಜಿಲ್ಲೆಯ ಹವೆಯ ಹಿನ್ನೆಲೆಯಲ್ಲಿ

1. ವಿವಾದದ ನೆಲೆ

ಬೆಂಗಳೂರಿನಲ್ಲಿ ಓಕ್ ಪೀಪಾಯಿಯೊಳಗೆ ಕಳೆದ ಒಂದು ವರ್ಷ ಸ್ಕಾಟ್ಲೆಂಡಿನ ಮೂರು ವರ್ಷಕ್ಕೆ ಸಮ ಎಂಬ ಮಾತು ಮಾಲ್ಟ್ ವಿಸ್ಕಿಯ ವಲಯದಲ್ಲಿ ಪ್ರಶ್ನೆಗೆ ಒಳಗಾಗದೆ ಓಡಾಡುತ್ತಿದೆ. 1948ರಲ್ಲಿ ಸ್ಥಾಪನೆಯಾದ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿದ ಮೇಲೆ ಈ ಮಾತಿಗೆ ಬಲ ಬಂತು. ಆ ಸಂಸ್ಥೆಯ ಮಾಸ್ಟರ್ ಬ್ಲೆಂಡರ್ ಆಗಿದ್ದ ಸುರಿಂದರ್ ಕುಮಾರ್ ಅವರ ಹೆಸರಿನೊಂದಿಗೆ ಅದು ಹೆಚ್ಚಾಗಿ ಕೇಳಿಬರುತ್ತದೆ. ಕಡಿಮೆ ವಯಸ್ಸಿನ ಭಾರತೀಯ ವಿಸ್ಕಿ ಏಕೆ ಕಳಪೆಯಲ್ಲ ಎಂದು ಹೊರಗಿನವರಿಗೆ ತಿಳಿಹೇಳಲು ಅದು ನೆರವಾಯಿತು. ಆ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ 2010ರ ನಂತರ ಬೆಂಗಳೂರಿನಲ್ಲಿ ಮೈಕ್ರೋಬ್ರೂವರಿಗಳು ಬೆಳೆದು, ಕರಕುಶಲ ಬಿಯರನ್ನು ಪೀಪಾಯಿಯಲ್ಲಿ ಮಾಗಿಸುವ ವಿಚಾರ ಬಂದಾಗ ಇದೇ ಅನುಪಾತವನ್ನು ಬಿಯರಿಗೂ ಹಚ್ಚುವ ಆಸೆ ಸಹಜವಾಗಿ ಮೂಡುತ್ತದೆ. ಬ್ರಸೆಲ್ಸಿನಲ್ಲಿ ಮೂರು ವರ್ಷ ಬೇಕಾದ ರುಚಿ ನಮ್ಮಲ್ಲಿ ಒಂದೇ ವರ್ಷಕ್ಕೆ ಬರಬೇಕಲ್ಲವೇ? ಬರುವುದಿಲ್ಲ ಎಂಬುದು ಈ ಲೇಖನದ ವಾದ. ಸೆಕೆಯ ನಾಡಿನಲ್ಲಿ ಹುಟ್ಟುವುದು ಅದೇ ಬಿಯರಿನ ಅವಸರದ ರೂಪವಲ್ಲ, ಬೇರೆಯದೇ ಬಿಯರ್.

ಪರೀಕ್ಷೆಗೆ ನಾನು ಆರಿಸಿಕೊಂಡಿರುವುದು ಧಾರವಾಡ ಜಿಲ್ಲೆಯ ಗ್ರಾಮೀಣ ಭಾಗ. ಅಲ್ಲಿ ಈ ಉದ್ಯಮ ಬೇರೂರಿದೆ ಎಂಬುದು ಇದಕ್ಕೆ ಕಾರಣವಲ್ಲ. ಕರ್ನಾಟಕದ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ಮೂರು ಈ ಒಂದೇ ಜಿಲ್ಲೆಯಲ್ಲಿ ಕೂಡುತ್ತವೆ: ನವಲಗುಂದ–ಅಣ್ಣಿಗೇರಿಯ ಎರೆನೆಲ ಉತ್ತರದ ಒಣ ವಲಯಕ್ಕೆ, ಕುಂದಗೋಳ ಉತ್ತರದ ಪರಿವರ್ತನಾ ವಲಯಕ್ಕೆ, ಕಲಘಟಗಿ ಗುಡ್ಡಗಾಡು ವಲಯಕ್ಕೆ ಸೇರುತ್ತವೆ. ಹವೆಗೂ ಪೀಪಾಯಿಗೂ ಇರುವ ಸಂಬಂಧವನ್ನು ಅರಿಯಲು ಇಷ್ಟು ಚಿಕ್ಕ ಹರವಿನಲ್ಲಿ ಇಷ್ಟು ಭೇದ ಸಿಗುವುದು ಅಪರೂಪ.

2. ಒಪ್ಪಿತ ಸಂಗತಿಗಳು

ಓಕ್ ಮರದಿಂದ ಬಿಯರಿಗೆ ಏನು ಇಳಿಯುತ್ತದೆ ಎಂಬುದರ ಬಗ್ಗೆ ಈಗ ಹೆಚ್ಚಿನ ತಕರಾರಿಲ್ಲ. ತೆಂಗಿನ ಘಮ ಓಕ್ ಲ್ಯಾಕ್ಟೋನಿನಿಂದ, ವೆನಿಲಾ ಘಮ ಲಿಗ್ನಿನ್ ಒಡೆದು ಹುಟ್ಟುವ ವೆನಿಲಿನ್‌ನಿಂದ, ಲವಂಗದ ವಾಸನೆ ಯೂಜಿನಾಲ್‌ನಿಂದ, ಒಗರು ಟ್ಯಾನಿನ್‌ನಿಂದ ಬರುತ್ತದೆ. ಅಮೆರಿಕದ ಬಿಳಿ ಓಕ್‌ನಲ್ಲಿ ಲ್ಯಾಕ್ಟೋನ್ ಹೆಚ್ಚು. ಸ್ಟರ್ಕ್ಸ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಜೋಡಿ ಲೇಖನಗಳು ಮರದಲ್ಲಿ ಮಾಗಿಸಿದ ಬಿಯರಿನ ಇಂಥ ಫೀನಾಲುಗಳನ್ನು ಅಳೆದು ಈ ಚರ್ಚೆಯನ್ನು ಊಹೆಯಿಂದ ಪ್ರಯೋಗಶಾಲೆಗೆ ತಂದವು.

ಜೀವಾಣುಗಳ ಪಾತ್ರವೂ ಸ್ಪಷ್ಟವಾಗಿದೆ. 1904ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲೌಸೆನ್, ಇಂಗ್ಲೆಂಡಿನ ಹಳೆಯ ಬಿಯರುಗಳ ವಿಶಿಷ್ಟ ರುಚಿಗೆ ಬ್ರೆಟನೊಮೈಸಿಸ್ ಎಂಬ ಯೀಸ್ಟ್ ಕಾರಣವೆಂದು ತೋರಿಸಿದರು. ಬೆಲ್ಜಿಯಂನ ಲ್ಯಾಂಬಿಕ್ ಬಿಯರನ್ನು ಎರಡು ವರ್ಷದ ಅವಧಿಯಲ್ಲಿ ಪರಿಶೀಲಿಸಿದ ಸ್ಪಿಟೇಲ್ಸ್ ಮತ್ತು ಸಂಗಡಿಗರು (2014) ಒಂದು ಸರದಿಯನ್ನು ಗುರುತಿಸಿದರು: ಮೊದಲ ತಿಂಗಳು ಎಂಟರೋಬ್ಯಾಕ್ಟೀರಿಯಾಗಳು, ಎರಡನೆಯ ತಿಂಗಳ ಹೊತ್ತಿಗೆ ಸ್ಯಾಕರೊಮೈಸಿಸ್ ಮತ್ತು ಪೀಡಿಯೊಕಾಕಸ್, ಆರನೆಯ ತಿಂಗಳ ಹೊತ್ತಿಗೆ ಬ್ರೆಟನೊಮೈಸಿಸ್. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್ಕುಗಳನ್ನು ಬೆರೆಸಿ ಗೂಜ್ ತಯಾರಿಸುವ ಪದ್ಧತಿ ನಿಂತಿರುವುದು ಈ ನಿಧಾನದ ಸರದಿಯ ಮೇಲೆಯೇ.

ಮೂರನೆಯದು ಪೀಪಾಯಿಯ ಗಾತ್ರ. ಜೆಫ್ ಸ್ಪ್ಯಾರೋ ಅವರ ‘ವೈಲ್ಡ್ ಬ್ರೂಸ್’ (2005) ಕೊಡುವ ಅಂಕಿಗಳ ಪ್ರಕಾರ, 20,000 ಲೀಟರಿನ ದೊಡ್ಡ ಮರದ ತೊಟ್ಟಿಯಲ್ಲಿ ಪ್ರತಿ ಲೀಟರ್ ಬಿಯರಿಗೆ ವರ್ಷಕ್ಕೆ ಸುಮಾರು ಅರ್ಧ ಮಿಲಿಲೀಟರ್ ಆಮ್ಲಜನಕ ಒಳಬಂದರೆ, 300 ಲೀಟರಿನ ವೈನ್ ಪೀಪಾಯಿಯಲ್ಲಿ ಎಂಟೂವರೆ ಮಿಲಿಲೀಟರ್ ಬರುತ್ತದೆ. ಬರ್ಬನ್ ಪೀಪಾಯಿ ಇನ್ನೂ ಚಿಕ್ಕದು, ಸುಮಾರು 200 ಲೀಟರ್. ಮುಂದಿನ ವಾದದಲ್ಲಿ ಈ ಅಂಶ ಮತ್ತೆ ಬೇಕಾಗುತ್ತದೆ.

3. ‘ಒಂದಕ್ಕೆ ಮೂರು’: ವಿಸ್ಕಿಯಲ್ಲೇ ನಿಲ್ಲುತ್ತದೆಯೇ?

ಮೊದಲು ಆವಿಯಾಗುವಿಕೆಯನ್ನು ನೋಡೋಣ. ‘ದೇವತೆಗಳ ಪಾಲು’ ಎಂದು ಕರೆಯುವ ನಷ್ಟ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 2%, ಬೆಂಗಳೂರಿನಲ್ಲಿ 10ರಿಂದ 12%. ಅಮೃತ್ 2013ರಲ್ಲಿ ಹೊರತಂದ ಎಂಟು ವರ್ಷದ ‘ಗ್ರೀಡಿ ಏಂಜಲ್ಸ್’ ಈ ನಷ್ಟವನ್ನೇ ಹೆಸರಾಗಿ ಹೊತ್ತಿದೆ. 11% ಎಂದು ಹಿಡಿದರೆ ಎಂಟು ವರ್ಷದ ಕೊನೆಗೆ ಪೀಪಾಯಿಯಲ್ಲಿ ಉಳಿಯುವುದು ಸುಮಾರು 39%. ಒಂದಕ್ಕೆ ಮೂರು ಸರಿಯಿದ್ದರೆ ಸ್ಕಾಟ್ಲೆಂಡಿನಲ್ಲಿ 24 ವರ್ಷ ಕಳೆದ ಪೀಪಾಯಿಯಲ್ಲೂ ಅಷ್ಟೇ ಉಳಿಯಬೇಕಿತ್ತು. ಆದರೆ ಅಲ್ಲಿ ಉಳಿಯುವುದು ಸುಮಾರು 62%. ಅಲ್ಲಿಯ ಪೀಪಾಯಿ 39%ಕ್ಕೆ ಇಳಿಯಲು 46 ವರ್ಷ ಬೇಕು. ಅಂದರೆ ಆವಿಯಾಗುವಿಕೆಯ ಮಟ್ಟಿಗೆ ಅನುಪಾತ ಒಂದಕ್ಕೆ ಮೂರಲ್ಲ, ಒಂದಕ್ಕೆ ಆರರ ಹತ್ತಿರ.

ಇನ್ನು ರಾಸಾಯನಿಕ ಕ್ರಿಯೆಗಳು. ಸ್ಕಾಟ್ಲೆಂಡಿನ ಸರಾಸರಿ ಉಷ್ಣಾಂಶವನ್ನು 9 ಡಿಗ್ರಿ, ಬೆಂಗಳೂರಿನದನ್ನು 24 ಡಿಗ್ರಿ ಎಂದು ಹಿಡಿದರೆ ಅಂತರ 15. ಹತ್ತು ಡಿಗ್ರಿಗೆ ವೇಗ ಇಮ್ಮಡಿಸುವ ಕ್ರಿಯೆ ಇಲ್ಲಿ ಸುಮಾರು 2.8 ಪಟ್ಟು ಬೇಗ ನಡೆಯುತ್ತದೆ. ‘ಒಂದಕ್ಕೆ ಮೂರು’ ನಿಜವಾಗುವುದು ಇಲ್ಲಿ ಮಾತ್ರ. ಹತ್ತು ಡಿಗ್ರಿಗೆ ಮುಮ್ಮಡಿಸುವ ಕ್ರಿಯೆಯಾದರೆ ವೇಗ ಐದು ಪಟ್ಟು ದಾಟುತ್ತದೆ. ಆದರೆ ಮರದ ಒಳಪದರದಿಂದ ಕರಗಿದ ವಸ್ತು ದ್ರವಕ್ಕೆ ಹರಡಿಕೊಳ್ಳುವ ಕ್ರಿಯೆ ಉಷ್ಣಾಂಶಕ್ಕೆ ಅಷ್ಟು ಬೇಗ ಓಗೊಡುವುದಿಲ್ಲ. ಹತ್ತು ಡಿಗ್ರಿಗೆ 1.3 ಪಟ್ಟು ಎಂದು ಹಿಡಿದರೆ ಹದಿನೈದು ಡಿಗ್ರಿಗೆ ಒಂದೂವರೆ ಪಟ್ಟು ಮಾತ್ರ.

ಹೀಗೆ ಒಂದೇ ಪೀಪಾಯಿಯಲ್ಲಿ ಒಂದೂವರೆ, ಮೂರು, ಆರು ಎಂಬ ಮೂರು ಬೇರೆ ವೇಗಗಳು ಒಟ್ಟಿಗೆ ನಡೆಯುತ್ತಿವೆ. ಅವುಗಳ ನಡುವಿನ ಸಂಖ್ಯೆಯೊಂದನ್ನು ಹೆಕ್ಕಿ ಅದೇ ಮಾಗುವಿಕೆಯ ವೇಗ ಎನ್ನುವುದು ಮಾರಾಟಕ್ಕೆ ಅನುಕೂಲವಾದೀತು, ವಿವರಣೆಯಾಗದು. ಅಮೃತ್ 2009ರಲ್ಲಿ ಹೊರತಂದ ‘ಟೂ ಕಾಂಟಿನೆಂಟ್ಸ್’ ಮೊದಲು ಬೆಂಗಳೂರಿನಲ್ಲಿ, ಆಮೇಲೆ ಯುರೋಪಿನಲ್ಲಿ ಮಾಗಿದ ವಿಸ್ಕಿ. ಎರಡು ಹವೆಗಳು ಒಂದನ್ನೊಂದು ವೇಗದಿಂದ ತುಂಬಿಕೊಡಬಲ್ಲವಾಗಿದ್ದರೆ ಪೀಪಾಯಿ ಸಮುದ್ರ ದಾಟುವ ಅಗತ್ಯ ಬರುತ್ತಿರಲಿಲ್ಲ.

4. ಬಿಯರಿನಲ್ಲಿ ಅನುಪಾತ ಇನ್ನೂ ಏಕೆ ಕೆಡುತ್ತದೆ?

ಸುಮಾರು 60% ಮದ್ಯಾಂಶದ ವಿಸ್ಕಿಯಲ್ಲಿ ಜೀವಾಣು ಬದುಕುವುದಿಲ್ಲ. 6 ಅಥವಾ 7% ಮದ್ಯಾಂಶದ ಬಿಯರಿನಲ್ಲಿ ಬದುಕುತ್ತದೆ. ಸಂಕ್ರಾಂತಿಯ ಚಳಿಯಲ್ಲಿ ರಾತ್ರಿಯಿಡೀ ಇಟ್ಟರೂ ಉಬ್ಬದ ದೋಸೆಹಿಟ್ಟು ಯುಗಾದಿ ಕಳೆದ ಮೇಲೆ ನಸುಕಿಗೇ ಹುಳಿಯಾಗಿ ಪಾತ್ರೆ ಮೀರುವುದನ್ನು ಕಂಡವರಿಗೆ ಸೆಕೆ ಹುದುಗನ್ನು ಹೇಗೆ ಬದಲಿಸುತ್ತದೆ ಎಂದು ಹೇಳಬೇಕಾಗಿಲ್ಲ. ಲ್ಯಾಂಬಿಕ್ ತಯಾರಕರು ಬೇಸಿಗೆಯಲ್ಲಿ ಹೊಸ ಬಿಯರ್ ಕುದಿಸದೆ, ಸಾಂಪ್ರದಾಯಿಕವಾಗಿ ಅಕ್ಟೋಬರಿನಿಂದ ಏಪ್ರಿಲ್‌ವರೆಗಷ್ಟೇ ಕುದಿಸುವುದೂ ಇದೇ ಅರಿವಿನಿಂದ.

ನಿರ್ಣಾಯಕವಾದುದು ಅಸಿಟಿಕ್ ಆಮ್ಲದ ಬ್ಯಾಕ್ಟೀರಿಯಾ. ಅದಕ್ಕೆ ಎರಡು ಬೇಕು: ಸೆಕೆ ಮತ್ತು ಆಮ್ಲಜನಕ. ಸೆಕೆ ನಮ್ಮಲ್ಲಿದೆ. ಆಮ್ಲಜನಕ ಮರದ ಹಲಗೆಗಳ ಮೂಲಕವೂ, ಅದಕ್ಕಿಂತ ಹೆಚ್ಚಾಗಿ ಬಿಯರ್ ಆವಿಯಾಗಿ ಮೇಲೆ ಉಂಟಾಗುವ ಖಾಲಿ ಜಾಗದ ಮೂಲಕವೂ ಸಿಗುತ್ತದೆ. ಖಾಲಿ ಜಾಗ ಹೆಚ್ಚಾದಷ್ಟೂ ಬಿಯರ್ ವಿನೆಗರಿನತ್ತ ವಾಲುತ್ತದೆ. ಅಸಿಟಿಕ್ ಆಮ್ಲ ಮದ್ಯದೊಂದಿಗೆ ಸೇರಿ ಹುಟ್ಟುವ ಈಥೈಲ್ ಅಸಿಟೇಟ್ ಅಲ್ಪ ಪ್ರಮಾಣದಲ್ಲಿ ಹಣ್ಣಿನ ಘಮ ಕೊಡುತ್ತದೆ. ಲೀಟರಿಗೆ ಸುಮಾರು 30 ಮಿಲಿಗ್ರಾಂ ದಾಟಿ ಏರುತ್ತ ಹೋದರೆ ಉಗುರುಬಣ್ಣ ಅಳಿಸುವ ದ್ರಾವಣದ ವಾಸನೆಯಾಗುತ್ತದೆ.

ಈಗ ಮೇಲಿನ ಮೂರು ವೇಗಗಳನ್ನು ಇದರೊಂದಿಗೆ ಜೋಡಿಸಿ ನೋಡಬೇಕು. ಮರದ ಆಳದ ರುಚಿ ಒಂದೂವರೆ ಪಟ್ಟು ಬೇಗ ಬರುತ್ತದೆ. ವಿನೆಗರಿಗೆ ದಾರಿ ಮಾಡಿಕೊಡುವ ಖಾಲಿ ಜಾಗ ಐದಾರು ಪಟ್ಟು ಬೇಗ ಬೆಳೆಯುತ್ತದೆ. ಹಾಗಾಗಿ ತಂಪುನಾಡಿನ ಬಿಯರಿನಲ್ಲಿ ಮರಕ್ಕೂ ಹುಳಿಗೂ ಇರುವ ಸಮತೋಲ ನಮ್ಮಲ್ಲಿ ಸುಮಾರು ನಾಲ್ಕು ಪಟ್ಟು ಹುಳಿಯ ಕಡೆಗೆ ಜಗ್ಗುತ್ತದೆ. ತಿಂಗಳುಗಳನ್ನು ಕಡಿಮೆ ಮಾಡಿ ಇದನ್ನು ಸರಿಪಡಿಸಲಾಗದು. ಕಾಲ ಕುಗ್ಗಿಸಿದರೆ ಮರವೂ ಕುಗ್ಗುತ್ತದೆ, ಸಮತೋಲ ಮಾತ್ರ ಹಾಗೆಯೇ ಉಳಿಯುತ್ತದೆ.

ವಿಸ್ಕಿಯ ನಷ್ಟದ ಅಂಕಿಯನ್ನು ಬಿಯರಿಗೆ ಹಚ್ಚುವುದು ಸರಿಯೇ ಎಂಬ ಆಕ್ಷೇಪ ನ್ಯಾಯವಾದುದು. ಬಿಯರ್ ಬಹುಪಾಲು ನೀರು. ಅದಕ್ಕೆ ಗಾಳಿಯ ಒಣಗಿಸುವ ಶಕ್ತಿಯನ್ನೇ ಲೆಕ್ಕ ಹಾಕಬೇಕು. 9 ಡಿಗ್ರಿ ಉಷ್ಣಾಂಶ, 80% ಆರ್ದ್ರತೆಯ ಗಾಳಿಯಲ್ಲಿ ಆವಿಯ ಒತ್ತಡದ ಕೊರತೆ ಸುಮಾರು 0.23 ಕಿಲೊಪ್ಯಾಸ್ಕಲ್. 24 ಡಿಗ್ರಿ, 60% ಆರ್ದ್ರತೆಯಲ್ಲಿ ಸುಮಾರು 1.2. ಇಲ್ಲೂ ಅನುಪಾತ ಐದರ ಆಸುಪಾಸು. ಬೇರೆ ದಾರಿಯಿಂದ ಬಂದ ಲೆಕ್ಕವೂ ಅದೇ ಜಾಗಕ್ಕೆ ಮುಟ್ಟಿರುವುದರಿಂದ ವಾದವನ್ನು ಮುಂದುವರಿಸಬಹುದು.

5. ನವಲಗುಂದದ ಏಪ್ರಿಲ್, ಕಲಘಟಗಿಯ ಜುಲೈ

ವರ್ಷದ ಸರಾಸರಿ ಎಷ್ಟನ್ನು ಮರೆಮಾಡುತ್ತದೆ ಎಂಬುದು ಎರೆನೆಲಕ್ಕೆ ಬಂದಾಗ ತಿಳಿಯುತ್ತದೆ. ನವಲಗುಂದದ ಏಪ್ರಿಲ್ ಮಧ್ಯಾಹ್ನವೊಂದನ್ನು 37 ಡಿಗ್ರಿ, 25% ಆರ್ದ್ರತೆ ಎಂದು ಉದಾಹರಣೆಗೆ ಹಿಡಿದರೆ ಕೊರತೆ 4.7 ಕಿಲೊಪ್ಯಾಸ್ಕಲ್, ಮೇಲಿನ ತಂಪುನಾಡಿನ ಇಪ್ಪತ್ತು ಪಟ್ಟು. ಮಳೆಗಾಲದ ದಿನವನ್ನು 24 ಡಿಗ್ರಿ, 85% ಎಂದು ಹಿಡಿದರೆ 0.45 ಮಾತ್ರ. ಒಂದೇ ಊರಲ್ಲಿ ಎರಡು ಋತುಗಳ ನಡುವೆ ಹತ್ತು ಪಟ್ಟು ಅಂತರ. ಒಣಗಾಳಿಗೆ ಹಲಗೆಯ ಹೊರಮೈ ಕುಗ್ಗಿ ಸಂದು ಬಿಡುವ ಅಪಾಯ ಬೇರೆ. ಮಲೆನಾಡಿನ ಸೆರಗಿಗೆ ಅಂಟಿಕೊಂಡ ಕಲಘಟಗಿಯಲ್ಲಿ ಮಳೆಯೂ ಗಾಳಿಯ ಪಸೆಯೂ ಹೆಚ್ಚು. ಅದೇ ಪೀಪಾಯಿ, ಅದೇ ಬಿಯರ್, ಅದೇ ತಿಂಗಳ ಎಣಿಕೆ ಇದ್ದರೂ ಈ ಎರಡು ತಾಲ್ಲೂಕುಗಳಲ್ಲಿ ಒಂದೇ ರುಚಿ ಬರಲಾರದು.

ಇದರಿಂದ ನಾನು ತಲುಪುವ ಮುಖ್ಯ ನಿರ್ಣಯ ಇದು: ನಮ್ಮ ಒಣ ಬಯಲಿನಲ್ಲಿ ತಂಪು ಯಂತ್ರವಿಲ್ಲದೆ, ಜೀವಂತ ಹುದುಗಿರುವ ಸಾಧಾರಣ ಮದ್ಯಾಂಶದ ಬಿಯರನ್ನು 200 ಲೀಟರಿನ ಪೀಪಾಯಿಯಲ್ಲಿ ಇಡುವುದಾದರೆ, ಅದರ ವಯಸ್ಸನ್ನು ತಿಂಗಳಲ್ಲಿ ಅಳೆಯಬಾರದು, ಅದು ಬೇಸಿಗೆ ದಾಟಿದೆಯೇ ಇಲ್ಲವೇ ಎಂಬುದರಿಂದ ಅಳೆಯಬೇಕು. ಕಾರ್ತಿಕದಿಂದ ಮಾಘದವರೆಗಿನ ಮೂರು ನಾಲ್ಕು ತಿಂಗಳು ಒಂದು ಬಗೆಯ ಬಿಯರನ್ನು ಕೊಡುತ್ತವೆ. ಅದಕ್ಕೆ ಎರಡು ತಿಂಗಳ ಬೇಸಿಗೆ ಸೇರಿದರೆ ಬರುವುದು ಆರು ತಿಂಗಳ ಬಿಯರಲ್ಲ, ಜಾತಿಯೇ ಬೇರೆಯಾದ ಪಾನೀಯ.

ಈ ಮಾತಿಗೆ ಮಿತಿಗಳಿವೆ. ಇದು ಹವೆಯ ಲೆಕ್ಕದಿಂದ ಹೊರಟ ಅನುಮಾನ, ನವಲಗುಂದದಲ್ಲಿ ಪೀಪಾಯಿ ಇಟ್ಟು ಅಳೆದ ಫಲಿತಾಂಶವಲ್ಲ. ಮದ್ಯಾಂಶ 10% ಮೀರಿದ, ಹುಳಿ ಹುದುಗು ಸೇರಿಸದ ಗಾಢ ಬಿಯರುಗಳಿಗೆ ಇದು ಇಷ್ಟೇ ಬಿಗಿಯಾಗಿ ಅನ್ವಯಿಸಲಿಕ್ಕಿಲ್ಲ. ದೊಡ್ಡ ತೊಟ್ಟಿಗಳಲ್ಲಿ ಆಮ್ಲಜನಕ ಕಡಿಮೆಯಾದ್ದರಿಂದ ಬೇಸಿಗೆಯ ಹೊಡೆತವೂ ತಗ್ಗುತ್ತದೆ. ಖಾಲಿ ಜಾಗವನ್ನು ಆಗಾಗ ತುಂಬಿಸುವವರು ಆವಿಯಾಗುವಿಕೆಯ ಪರಿಣಾಮವನ್ನು ಬಹುಮಟ್ಟಿಗೆ ತಡೆಯಬಲ್ಲರು. ಅಲ್ಲದೆ ಮೊದಲು ವಿಸ್ಕಿ ಹೀರಿಕೊಂಡ ಪೀಪಾಯಿಯಲ್ಲಿ ಹಲಗೆಯ ಮೇಲ್ಪದರದ ಘಮ ಮೊದಲ ವಾರಗಳಲ್ಲೇ ಬಿಯರಿಗೆ ಇಳಿಯುತ್ತದೆ. ಅಲ್ಲಿ ಚಳಿಗಾಲದ ಅವಧಿಯೇ ಸಾಕಾಗಬಹುದು. ಈ ಕೊನೆಯ ಅಂಶ ನನ್ನ ನಿರ್ಣಯವನ್ನು ಸಡಿಲಿಸುವುದಕ್ಕಿಂತ ಬಲಪಡಿಸುತ್ತದೆ ಎಂದೇ ಭಾವಿಸುತ್ತೇನೆ.

ನೆಲದಡಿಯಲ್ಲಿ ಇಟ್ಟರೆ ಹೇಗೆ? ಜೋಳವನ್ನು ಹಗೇವಿನಲ್ಲಿ ಹೂತು ಕಾಪಾಡಿದ ಸೀಮೆಯಲ್ಲಿ ಈ ಪ್ರಶ್ನೆ ಬರಲೇಬೇಕು. ಆಳದ ಮಣ್ಣಿನ ಉಷ್ಣಾಂಶ ಆ ಊರಿನ ವರ್ಷದ ಸರಾಸರಿಯ ಹತ್ತಿರ, ಅಂದರೆ ಇಲ್ಲಿ 25 ಡಿಗ್ರಿಯ ಸುತ್ತ ನಿಲ್ಲುತ್ತದೆ. ನೆಲಮಾಳಿಗೆ ಹಗಲಿರುಳಿನ ಏರಿಳಿತವನ್ನು ಅಳಿಸುತ್ತದೆ, ಬ್ರಸೆಲ್ಸಿನ ತಂಪನ್ನು ತರುವುದಿಲ್ಲ. ಆದರೆ ಅದರೊಳಗೆ ಆರ್ದ್ರತೆಯನ್ನು 90%ರಲ್ಲಿ ಇಟ್ಟುಕೊಂಡರೆ ಆವಿಯ ಕೊರತೆ 0.32 ಕಿಲೊಪ್ಯಾಸ್ಕಲ್‌ಗೆ ಇಳಿಯುತ್ತದೆ; ತಂಪುನಾಡಿನ 0.23ಕ್ಕೆ ಬಹಳ ದೂರವಲ್ಲ. ಸೆಕೆಯನ್ನು ಗೆಲ್ಲಲಾಗದಿದ್ದರೂ ಒಣಗಾಳಿಯನ್ನು ಗೆಲ್ಲಬಹುದು ಎಂಬುದು ಈ ಲೆಕ್ಕದಿಂದ ಸಿಗುವ ಪ್ರಯೋಜನಕರ ಸುಳಿವು. ಎರೆಮಣ್ಣು ಹಸಿಯಾದಾಗ ಉಬ್ಬಿ ಒಣಗಿದಾಗ ಬಿರಿಯುವುದರಿಂದ ಜಾಗವನ್ನು ಎಚ್ಚರದಿಂದ ಆರಿಸಬೇಕು. ಮುಚ್ಚಿದ ಹಗೇವಿನಲ್ಲಿ ಉಸಿರುಗಟ್ಟಿಸುವ ಗಾಳಿ ತುಂಬುವಂತೆ ಹುದುಗುವ ಬಿಯರಿನ ಮಾಳಿಗೆಯಲ್ಲೂ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಗಾಳಿ ಆಡಿಸದೆ ಯಾರೂ ಒಳಗೆ ಇಳಿಯಬಾರದು.

6. ಉಳಿದ ಪ್ರಶ್ನೆಗಳು

ಲ್ಯಾಂಬಿಕ್‌ನಲ್ಲಿ ಮೂರನೆಯ ಒಂದು ಭಾಗದಷ್ಟು ಮೊಳಕೆ ಬರಿಸದ ಗೋಧಿ ಸೇರುತ್ತದೆ. ಅದರ ಸಂಕೀರ್ಣ ಸಕ್ಕರೆಗಳೇ ಬ್ರೆಟನೊಮೈಸಿಸ್‌ಗೆ ವರ್ಷಗಟ್ಟಲೆ ಆಹಾರ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029 ಎಂಬ ಸದಕ ಗೋಧಿಯ ತಳಿಗಳನ್ನು ರೈತರಿಗೆ ಕೊಟ್ಟಿದೆ. ಈ ಗೋಧಿಯ ಪಿಷ್ಟ ಸೆಕೆಯ ನಾಡಿನ ಹುದುಗಿನ ಸರದಿಯಲ್ಲಿ ಹೇಗೆ ವರ್ತಿಸುತ್ತದೆ ಎಂಬುದು ಪ್ರಯೋಗಕ್ಕೆ ಕಾದಿರುವ ಪ್ರಶ್ನೆ. ಸ್ಪಿಟೇಲ್ಸ್ ಗುರುತಿಸಿದ ಸರದಿ 25 ಡಿಗ್ರಿಯಲ್ಲಿ ಬರೀ ಚುರುಕಾಗುತ್ತದೆಯೇ, ಹಂತಗಳೇ ಒಂದರ ಮೇಲೊಂದು ಬೀಳುತ್ತವೆಯೇ ಎಂಬುದು ಅದಕ್ಕಿಂತ ದೊಡ್ಡದು. ಎರಡನೆಯದು ನಿಜವೆಂದು ನನ್ನ ವಾದ ನಿರೀಕ್ಷಿಸುತ್ತದೆ, ಸಾಬೀತು ಮಾಡಿಲ್ಲ.

ಪರೀಕ್ಷೆ ಕಷ್ಟದ್ದೇನಲ್ಲ. ಒಂದೇ ಕುದಿಯ ಬಿಯರನ್ನು ಒಂದೇ ಅಳತೆಯ ಪೀಪಾಯಿಗಳಲ್ಲಿ ತುಂಬಿ ನವಲಗುಂದ, ಕುಂದಗೋಳ, ಕಲಘಟಗಿಗಳಲ್ಲಿ ಇಟ್ಟು ಅಸಿಟಿಕ್ ಆಮ್ಲ, ಈಥೈಲ್ ಅಸಿಟೇಟ್, ವೆನಿಲಿನ್‌ಗಳನ್ನು ತಿಂಗಳಿಗೊಮ್ಮೆ ಅಳೆದರೆ ಸಾಕು. ಮೂರೂ ಕಡೆ ಅವುಗಳ ಪರಸ್ಪರ ಪ್ರಮಾಣ ಒಂದೇ ಆಗಿ ಉಳಿದರೆ ‘ಒಂದಕ್ಕೆ ಮೂರು’ ಎನ್ನುವವರ ಪಕ್ಷಕ್ಕೆ ಬಲ ಬಂದಂತೆ, ಇಲ್ಲಿಯ ವಾದ ಬಿದ್ದಂತೆ. ಬೇರೆಯಾದರೆ, ಇನ್ನೊಂದು ನಾಡಿನ ಪಂಚಾಂಗವನ್ನು ಭಾಗಿಸಿ ನಮ್ಮದನ್ನು ಬರೆಯುವ ಅಭ್ಯಾಸವನ್ನು ನಾವು ಬಿಡಬೇಕಾಗುತ್ತದೆ.