ಗಡಿಯಾಚೆ ಬೆಳೆದ ಹಬ್ಬ

ಮೆಕ್ಸಿಕೋದ ಸ್ವಾತಂತ್ರ್ಯ ದಿನ ಯಾವುದು ಎಂದು ಕೇಳಿದರೆ ಅಮೆರಿಕದಲ್ಲಿ ಅನೇಕರು ಮೇ 5 ಎನ್ನುತ್ತಾರಂತೆ. ಉತ್ತರ ತಪ್ಪು. ಆದರೆ ಈ ತಪ್ಪಿನ ಹಿಂದೆ ನಮ್ಮಂಥ ಗಡಿನಾಡಿನವರು ತಿಳಿಯಬೇಕಾದ ಒಂದು ಚರಿತ್ರೆ ಇದೆ.

ಮೊದಲು ನಿಜವಾದ ಸ್ವಾತಂತ್ರ್ಯ ದಿನದ ವಿಷಯ. 1810ರ ಸೆಪ್ಟೆಂಬರ್ 16ರ ಬೆಳಗಿನ ಜಾವ ದೊಲೋರೆಸ್ ಎಂಬ ಊರಿನ ಪಾದ್ರಿ ಮಿಗೆಲ್ ಇದಾಲ್ಗೊ ಇಗರ್ಜಿಯ ಗಂಟೆ ಬಾರಿಸಿ, ಸ್ಪೇನಿನ ಆಳ್ವಿಕೆಯ ವಿರುದ್ಧ ಏಳಿರಿ ಎಂದು ಜನರನ್ನು ಕರೆದರು. ಮರುವರ್ಷವೇ ಅವರನ್ನು ಹಿಡಿದು ಕೊಂದರು. ಹೋರಾಟ ಮಾತ್ರ ನಿಲ್ಲಲಿಲ್ಲ. 1821ರಲ್ಲಿ ದೇಶ ಸ್ವತಂತ್ರವಾಯಿತು. ದೊಲೋರೆಸಿನ ಆ ಗಂಟೆಯನ್ನು 1896ರಲ್ಲಿ ರಾಜಧಾನಿಗೆ ತಂದು ಅರಮನೆಯ ಮೇಲೆ ತೂಗುಹಾಕಿದರು. ಪ್ರತಿವರ್ಷ ಸೆಪ್ಟೆಂಬರ್ 15ರ ರಾತ್ರಿ ರಾಷ್ಟ್ರಾಧ್ಯಕ್ಷರು ಮೊಗಸಾಲೆಗೆ ಬಂದು ಗಂಟೆ ಬಾರಿಸಿ ವೀರರ ಹೆಸರು ಕೂಗುತ್ತಾರೆ. ಕೆಳಗಿನ ಚೌಕದಲ್ಲಿ ನೆರೆದವರು ‘ವಿವಾ’ ಎಂದು ಮಾರ್ದನಿ ಕೊಡುತ್ತಾರೆ. ಹೊರದೇಶಗಳಲ್ಲಿರುವ ಮೆಕ್ಸಿಕನ್ನರೂ ತಮ್ಮ ದೂತಾವಾಸಗಳಲ್ಲಿ ಸೇರಿ ಇದೇ ಕೂಗು ಹಾಕುತ್ತಾರೆ.

ಹಾಗಾದರೆ ಮೇ 5 ಏನು? 1861ರಲ್ಲಿ ಬೊಕ್ಕಸ ಬರಿದಾಗಿದ್ದ ಮೆಕ್ಸಿಕೋ, ಹೊರಗಿನ ಸಾಲ ತೀರಿಸುವುದನ್ನು ಎರಡು ವರ್ಷ ನಿಲ್ಲಿಸುವುದಾಗಿ ಹೇಳಿತು. ಇಂಗ್ಲೆಂಡ್, ಸ್ಪೇನ್, ಫ್ರಾನ್ಸ್ ಮೂರೂ ಹಡಗು ಕಳಿಸಿದವು. ಮೊದಲಿನ ಎರಡು ದೇಶಗಳು ಮಾತುಕತೆ ನಡೆಸಿ ಹಿಂದಿರುಗಿದವು. ಫ್ರಾನ್ಸಿನ ಮೂರನೆಯ ನೆಪೋಲಿಯನ್‌ಗೆ ಮಾತ್ರ ಸಾಮ್ರಾಜ್ಯದ ಆಸೆ. ರಾಜಧಾನಿಯತ್ತ ಹೊರಟ ಸುಮಾರು 6,000 ಫ್ರೆಂಚ್ ಸೈನಿಕರನ್ನು 1862ರ ಮೇ 5ರಂದು ಪುಯೆಬ್ಲಾ ನಗರದ ಬಳಿ ಅವರಿಗಿಂತ ಚಿಕ್ಕದಾದ ಸೈನ್ಯವೊಂದು ಸೋಲಿಸಿ ಹಿಮ್ಮೆಟ್ಟಿಸಿತು. ಅದರ ದಂಡನಾಯಕ ಇಗ್ನಾಸಿಯೊ ಸರಗೋಸ. ಗೆಲುವು ಬಹುಕಾಲ ಉಳಿಯಲಿಲ್ಲ. ಮರುವರ್ಷ ಪುಯೆಬ್ಲಾವೂ ರಾಜಧಾನಿಯೂ ಫ್ರೆಂಚರ ಕೈಸೇರಿದವು. ಅವರನ್ನು ಹೊರಗಟ್ಟಿ ಗಣರಾಜ್ಯವನ್ನು ಮತ್ತೆ ನಿಲ್ಲಿಸಲು 1867ರವರೆಗೆ ಕಾಯಬೇಕಾಯಿತು.

ಇಂಥ ಒಂದು ದಿನದ ಗೆಲುವು ಕ್ಯಾಲಿಫೋರ್ನಿಯಾದಲ್ಲಿ ಹಬ್ಬವಾದದ್ದು ಹೇಗೆ? ಉತ್ತರ 1848ರಲ್ಲಿದೆ. ಆ ವರ್ಷ ಯುದ್ಧದಲ್ಲಿ ಸೋತ ಮೆಕ್ಸಿಕೋ ಕ್ಯಾಲಿಫೋರ್ನಿಯಾ ಸೇರಿದಂತೆ ತನ್ನ ಉತ್ತರದ ವಿಶಾಲ ನೆಲವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿದ್ದ ಸಾವಿರಾರು ಮೆಕ್ಸಿಕನ್ನರು ಮನೆಯಿಂದ ಕದಲದೆಯೇ ಬೇರೆ ದೇಶದವರಾದರು. ‘ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು’ ಎಂಬ ಮಾತು ಅವರ ನಡುವೆ ಪ್ರಚಲಿತ. ಪುಯೆಬ್ಲಾದ ವೀರ ಸರಗೋಸ ಹುಟ್ಟಿದ ಊರೂ ಇಂದು ಅಮೆರಿಕದ ಟೆಕ್ಸಾಸ್‌ನಲ್ಲಿದೆ!

1862ರಲ್ಲಿ ಅಮೆರಿಕದಲ್ಲೂ ಅಂತರ್ಯುದ್ಧ ನಡೆಯುತ್ತಿತ್ತು. ಗುಲಾಮಗಿರಿಯ ಪರವಿದ್ದ ದಕ್ಷಿಣದ ರಾಜ್ಯಗಳ ಬಗ್ಗೆ ನೆಪೋಲಿಯನ್‌ಗೆ ಒಲವು. ಮೆಕ್ಸಿಕೋ ಗುಲಾಮಗಿರಿಯನ್ನು 1829ರಲ್ಲೇ ರದ್ದು ಮಾಡಿದ ದೇಶ. ಹೀಗಾಗಿ ಎರಡೂ ಯುದ್ಧಗಳು ಒಂದೇ ಎಂದು ಕ್ಯಾಲಿಫೋರ್ನಿಯಾದ ಸ್ಪ್ಯಾನಿಷ್ ಭಾಷಿಕರಿಗೆ ಅನಿಸಿತು. ತಮ್ಮ ಭಾಷೆಯ ಪತ್ರಿಕೆಗಳಲ್ಲಿ ಪುಯೆಬ್ಲಾದ ಸುದ್ದಿ ಓದಿ ಅವರು ಕುಣಿದಾಡಿದರು, ಊರೂರಲ್ಲಿ ಸಂಘ ಕಟ್ಟಿ ಚಂದಾ ಎತ್ತಿದರು, ಮರುವರ್ಷದಿಂದ ಆ ದಿನವನ್ನು ಆಚರಿಸತೊಡಗಿದರು. ಆ ಹಳೆಯ ಪತ್ರಿಕೆಗಳನ್ನು ಜಾಲಾಡಿ ಈ ಕಥೆಯನ್ನು ಹೊರತಂದವರು ಲಾಸ್ ಏಂಜಲೀಸಿನ ಪ್ರಾಧ್ಯಾಪಕ ಡೇವಿಡ್ ಹೇಯ್ಸ್ ಬೌಟಿಸ್ಟಾ. ಅವರ ಪುಸ್ತಕ 2012ರಲ್ಲಿ ಬಂತು. ಎಂದರೆ ಗಡಿಯಾಚೆಯ ಈ ಹಬ್ಬ ತಾಯ್ನಾಡಿನದರ ನಕಲಲ್ಲ, ಅಲ್ಲಿಯದೇ ಬೆಳೆ.

ಮುಂದಿನ ಕಥೆ ಬೇಸರದ್ದು. 1960-70ರ ದಶಕಗಳಲ್ಲಿ ಹಕ್ಕಿಗಾಗಿ ಹೋರಾಡಿದ ಮೆಕ್ಸಿಕನ್ ಮೂಲದ ವಿದ್ಯಾರ್ಥಿಗಳು ಈ ದಿನಕ್ಕೆ ಹೊಸ ಜೀವ ಕೊಟ್ಟರು. 1980ರ ದಶಕದಲ್ಲಿ ಬಿಯರ್ ಕಂಪೆನಿಗಳು ಅದನ್ನು ಹಿಡಿದುಕೊಂಡವು. ಇಂದು ಅನೇಕರಿಗೆ ಅದು ಅಗಲ ಟೊಪ್ಪಿ ಇಟ್ಟು ಕುಡಿಯುವ ದಿನ. ಇತ್ತ ಮೆಕ್ಸಿಕೋದಲ್ಲಿ ಪುಯೆಬ್ಲಾದ ಮೆರವಣಿಗೆ, ರಾಜಧಾನಿಯ ಪೆನ್ಯೋನ್ ಬಡಾವಣೆಯಲ್ಲಿ ಜನರೇ ಆಡುವ ಅಣಕು ಯುದ್ಧ, ಇಷ್ಟು ಬಿಟ್ಟರೆ ದೊಡ್ಡ ಸಂಭ್ರಮವಿಲ್ಲ.

ಎಲ್ಲ ಹಬ್ಬಕ್ಕೂ ಇದೇ ಗತಿಯಲ್ಲ. ನವೆಂಬರ್ 1 ಮತ್ತು 2ರಂದು ಮೆಕ್ಸಿಕನ್ನರು ಅಗಲಿದವರಿಗಾಗಿ ಮನೆಯಲ್ಲಿ ಪೀಠ ಕಟ್ಟಿ, ದೀಪ ಹಚ್ಚಿ, ಅವರಿಗೆ ಇಷ್ಟದ ತಿನಿಸು ಇಡುತ್ತಾರೆ. ನಮ್ಮ ಮಹಾಲಯದ ಎಡೆ ನೆನಪಾಗುತ್ತದೆ. ಅಲಂಕಾರಕ್ಕೆ ಅವರು ಬಳಸುವುದು ಚೆಂಡುಹೂ. ನಾವು ಆಯುಧಪೂಜೆಗೆ ಮಾಲೆ ಕಟ್ಟುವ ಚೆಂಡುಹೂವಿನ ಮೂಲವೂ ಮೆಕ್ಸಿಕೋದ ನೆಲವೇ. 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲೀಸ್‌ಗಳ ಮೆಕ್ಸಿಕನ್ ಮೂಲದ ಕಲಾವಿದರು ಈ ಆಚರಣೆಯನ್ನು ಬೀದಿಗೆ ತಂದರು. ಅಲ್ಲೂ ವ್ಯಾಪಾರ ನುಗ್ಗಿದೆ. ಆದರೂ ಪೀಠದ ಮೇಲೆ ಅಜ್ಜಿಯ ಪಟ ಇರುವವರೆಗೆ ಹಬ್ಬದ ಅರ್ಥ ಮರೆಯುವುದು ಕಷ್ಟ.

ಕಾಸರಗೋಡಿನ ನಮಗೆ ನವೆಂಬರ್ 1 ಬೇರೆ ಕಾರಣಕ್ಕೆ ಮನಸ್ಸಿಗೆ ತಟ್ಟುವ ದಿನ. 1956ರ ಆ ದಿನದವರೆಗೆ ನಮ್ಮ ತಾಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅಂದಿನಿಂದ ಕೇರಳದ್ದಾಯಿತು. ಗಡಿ ನಮ್ಮ ಹಿರಿಯರನ್ನೂ ದಾಟಿತು. ಕರ್ನಾಟಕದ ರಾಜ್ಯೋತ್ಸವ, ಕೇರಳದ ಹುಟ್ಟುಹಬ್ಬ ಎರಡೂ ಅಂದೇ. ನಮ್ಮ ಮಕ್ಕಳು ಎರಡನ್ನೂ ಸಂತೋಷದಿಂದ ಆಚರಿಸಲಿ. ಆದರೆ ಹಾಡಿ, ಮಿಠಾಯಿ ಹಂಚಿ ಮನೆಗೆ ಕಳಿಸುವ ಮುನ್ನ ಆ ದಿನ ಇಲ್ಲಿ ಏನಾಯಿತು ಎಂಬುದನ್ನು ಹತ್ತು ನಿಮಿಷ ಹೇಳೋಣ. ಮನೆಯ ಹಿರಿಯರನ್ನು ಕೇಳಿ ಬರೆದು ತರಲು ಹೇಳಿದರೆ ಇನ್ನೂ ಒಳ್ಳೆಯದು. ಆ ದಿನವನ್ನು ಕಂಡವರು ವರ್ಷ ವರ್ಷವೂ ಕಡಿಮೆಯಾಗುತ್ತಿದ್ದಾರೆ.