ಫೌಂಡೇಶನ್ ಅನುದಾನ ನಮ್ಮೂರಿಗೆ ಬರೋದು ಹೇಗೆ? ಯಾರನ್ನ ಕೇಳಬೇಕು?

ರಾಮನಗರ: 'ಆಪರೇಷನ್‌ಗೆ ದುಡ್ಡು ಸಾಲ್ತಿಲ್ಲ, ಯಾವುದಾದ್ರೂ ಫೌಂಡೇಶನ್‌ಗೆ ಅರ್ಜಿ ಹಾಕಬಹುದಾ?' ಆಸ್ಪತ್ರೆ ಬಿಲ್ ಕೈಗೆ ಬಂದಾಗ ಮನೆಯವರು ಕೇಳುವ ಪ್ರಶ್ನೆ ಇದು. ಆದರೆ ದೊಡ್ಡ ಫೌಂಡೇಶನ್‌ಗಳ ಆರೋಗ್ಯ ಅನುದಾನ ಸಾಮಾನ್ಯವಾಗಿ ರೋಗಿಯ ಖಾತೆಗೆ ಬರಲ್ಲ. ಸರ್ಕಾರ, ಆಸ್ಪತ್ರೆ ಅಥವಾ ನೋಂದಾಯಿತ ಸಂಸ್ಥೆ ಮೂಲಕವೇ ಜನರನ್ನು ತಲುಪುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಭಾಗದ ಜನ ತಿಳಿದಿರಬೇಕಾದ ವಿವರ ಇಲ್ಲಿದೆ.

ಶಾಲೆಯ ಮೊಟ್ಟೆ

ಎಲ್ಲರ ಕಣ್ಣಿಗೆ ಕಾಣುವ ಉದಾಹರಣೆ ಮಕ್ಕಳ ತಟ್ಟೆಯಲ್ಲೇ ಇದೆ. ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಮೊದಲು ವಾರಕ್ಕೆ 2 ದಿನ ಮೊಟ್ಟೆ ಕೊಡಲಾಗುತ್ತಿತ್ತು. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಶನ್ ಒಪ್ಪಂದ ಮಾಡಿಕೊಂಡವು. 3 ವರ್ಷಕ್ಕೆ ಸುಮಾರು 1,500 ಕೋಟಿ ರೂ. ಈ ಒಪ್ಪಂದದಿಂದ ಮೊಟ್ಟೆ ವಾರಕ್ಕೆ 6 ದಿನ ಆಯಿತು. 2 ದಿನದ ಖರ್ಚು ಸರ್ಕಾರದ್ದು, 4 ದಿನದ್ದು ಫೌಂಡೇಶನ್‌ದು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು.

2024ರಲ್ಲಿ ಒಂದು ಮೊಟ್ಟೆಗೆ 6 ರೂ. ಲೆಕ್ಕ ಇತ್ತು. ಖರೀದಿ, ಸಾಗಣೆ, ಬೇಯಿಸೋದು, ಸಿಪ್ಪೆ ಸುಲಿಯೋದು ಎಲ್ಲ ಅದರಲ್ಲೇ ಆಗಬೇಕಿತ್ತು. ಅಂಗಡಿಯಲ್ಲಿ ಮೊಟ್ಟೆ ರೇಟ್ ಏರಿದರೆ ತಲೆನೋವು ಶುರುವಾಗೋದು ಮುಖ್ಯಶಿಕ್ಷಕರಿಗೆ. ಶಾಲೆಗೆ ಮೊಟ್ಟೆ ಹಾಕುವ ವ್ಯಾಪಾರಿಗಳಿಗೂ ಇದು ಗೊತ್ತಿರುವ ಸಂಗತಿಯೇ.

ಈ ದುಡ್ಡು ಎಲ್ಲಿಂದ?

ಅಜೀಂ ಪ್ರೇಮ್‌ಜಿ ತಮ್ಮ ವಿಪ್ರೊ ಷೇರುಗಳ ದೊಡ್ಡ ಪಾಲಿನ ಆದಾಯವನ್ನು ಫೌಂಡೇಶನ್‌ಗೆ ಬಿಟ್ಟುಕೊಟ್ಟಿದ್ದಾರೆ. 2019ರ ಮಾರ್ಚ್‌ನಲ್ಲಿ ಒಟ್ಟು ಕೊಡುಗೆಯ ಮೌಲ್ಯ ಸುಮಾರು 1.45 ಲಕ್ಷ ಕೋಟಿ ರೂ. ಮುಟ್ಟಿತು. ಅಂದರೆ ಇದು ಚಂದಾ ಎತ್ತಿದ ಹಣ ಅಲ್ಲ.

ಇನ್ಫೋಸಿಸ್ ಫೌಂಡೇಶನ್ ದಾರಿ ಬೇರೆ. 1996ರಲ್ಲಿ ಶುರುವಾದ ಇದು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ 350 ಹಾಸಿಗೆಗಳ ಹೊಸ ಕಟ್ಟಡ ಕಟ್ಟಿಸಿಕೊಟ್ಟಿತು. 2021ರಲ್ಲಿ ಅದರ ಉದ್ಘಾಟನೆ ಆಯಿತು. ಕಟ್ಟಿಸಿದ್ದು ಫೌಂಡೇಶನ್, ನಡೆಸೋದು ಜಯದೇವ ಸಂಸ್ಥೆ. ಎದೆನೋವು ಅಂತ ಇಲ್ಲಿಂದ ಹೋಗುವ ರೋಗಿಗೂ ಅದರ ಉಪಯೋಗ ಸಿಗುತ್ತದೆ, ಫೌಂಡೇಶನ್‌ಗೆ ಅರ್ಜಿ ಹಾಕಬೇಕಿಲ್ಲ.

ಕಂಪನಿಗಳ ಶೇ 2

2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ವರ್ಷಕ್ಕೆ 5 ಕೋಟಿ ರೂ. ಅಥವಾ ಹೆಚ್ಚು ನಿವ್ವಳ ಲಾಭ, ಇಲ್ಲವೇ 1,000 ಕೋಟಿ ರೂ. ವಹಿವಾಟು, ಇಲ್ಲವೇ 500 ಕೋಟಿ ರೂ. ನಿವ್ವಳ ಮೌಲ್ಯ ಇರುವ ಕಂಪನಿ ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಇದೇ ಸಿಎಸ್‌ಆರ್. ಆರೋಗ್ಯ, ಕುಡಿಯುವ ನೀರು, ನೈರ್ಮಲ್ಯ ಈ ಪಟ್ಟಿಯಲ್ಲಿವೆ. ಕಂಪನಿ ಇರುವ ಸ್ಥಳಕ್ಕೆ ಆದ್ಯತೆ ಕೊಡಿ ಅಂತಲೂ ಕಾಯ್ದೆ ಹೇಳುತ್ತದೆ. ಬಿಡದಿ, ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಸುತ್ತಲಿನ ಊರುಗಳಿಗೆ ಈ ಮಾತು ಮುಖ್ಯ.

ಯಾರು ಏನು ಮಾಡಬಹುದು?

* ಚಿಕಿತ್ಸೆಗೆ: ಮೊದಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ನೋಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಸಿಗುತ್ತದೆ. ತುರ್ತು ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು.
* ಶಾಲೆಗೆ: ಮೊಟ್ಟೆ ಬರುತ್ತಿಲ್ಲ, ಚಿಕ್ಕದು, ಕೆಟ್ಟಿದೆ ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ. ಪೋಷಕರೇ ಅದರ ಸದಸ್ಯರು.
* ಆಸ್ಪತ್ರೆಗೆ: ಉಪಕರಣ, ಕಟ್ಟಡದ ಕೊರತೆ ಇದ್ದರೆ ಆರೋಗ್ಯ ರಕ್ಷಾ ಸಮಿತಿ ಮೂಲಕ ಬೇಡಿಕೆ ಪಟ್ಟಿ ಮಾಡಿಸಿ. ಕಂಪನಿಗೆ ಪತ್ರ ಬರೆಯಲು ಅದೇ ಆಧಾರ.
* ಎಚ್ಚರಿಕೆ: ಅನುದಾನ ಕೊಡಿಸ್ತೀವಿ, ಮೊದಲು ಫೀಸ್ ಕಟ್ಟಿ ಅಂದವರಿಗೆ ಒಂದು ರೂಪಾಯಿಯೂ ಕೊಡಬೇಡಿ.

ಇನ್ನೊಂದು ವಿಷಯ ನೆನಪಿರಲಿ. ಅನುದಾನಕ್ಕೆ ಅವಧಿ ಇರುತ್ತದೆ. ಮೊಟ್ಟೆ ಒಪ್ಪಂದ 3 ವರ್ಷದ್ದು. ಆಮೇಲೆ ಆ 4 ದಿನದ ಮೊಟ್ಟೆಗೆ ಯಾರು ದುಡ್ಡು ಕೊಡ್ತಾರೆ ಅನ್ನೋದನ್ನ ಪೋಷಕರು ಅವಧಿ ಮುಗಿಯೋಕೆ ಮುಂಚೆನೇ ಶಾಸಕರನ್ನ, ಶಿಕ್ಷಣ ಇಲಾಖೆಯನ್ನ ಕೇಳಬೇಕು.