ಹುಲಿಯ ಪಟ್ಟೆ, ಹುಲಿಯ ಕಲ್ಲು



ಉತ್ತರ ಕನ್ನಡ ಜಿಲ್ಲೆಯ ನಕ್ಷೆಯನ್ನು ತೆಗೆದು ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳನ್ನು ಗುರುತಿಸಿಕೊಳ್ಳಿ. ದಾಂಡೇಲಿ, ಜೋಯಿಡಾದ ಕಾಡುಗಳಲ್ಲಿ ಹುಲಿಗಳಿವೆ. 2007ರಲ್ಲಿ ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂತು. ಈ ಹುಲಿಯನ್ನೇ ಮುಂದಿಟ್ಟುಕೊಂಡು ಒಂದು ಪ್ರಶ್ನೆ ಕೇಳೋಣ. ವೀಡಿಯೋ ಗೇಮಿನಲ್ಲಿ ಹುಲಿ ಬಂದರೆ ಅದು ಕಾಡಿನ ಹುಲಿಯಂತೆಯೇ ಕಾಣಬೇಕೇ? ಅದರ ಒಂದೊಂದು ಕೂದಲೂ ಗಾಳಿಗೆ ಅಲುಗಬೇಕೇ?

ಹುಲಿಗಣತಿಯಲ್ಲಿ ಮರಕ್ಕೆ ಕಟ್ಟಿದ ಕ್ಯಾಮೆರಾ ಹುಲಿ ಹಾದುಹೋದಾಗ ತಾನಾಗಿ ಚಿತ್ರ ತೆಗೆಯುತ್ತದೆ. ಒಂದು ಹುಲಿಯ ಪಟ್ಟೆಯಂತೆ ಮತ್ತೊಂದರ ಪಟ್ಟೆ ಇರುವುದಿಲ್ಲ. 1990ರ ದಶಕದ ಆರಂಭದಲ್ಲಿ ಡಾ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಈ ಪಟ್ಟೆಗಳ ಆಧಾರದಿಂದಲೇ ಹುಲಿಗಳನ್ನು ಎಣಿಸುವ ವಿಧಾನವನ್ನು ರೂಢಿಗೆ ತಂದರು. ಇಲ್ಲಿ ಚಿತ್ರ ಮಸುಕಾದರೆ ಲೆಕ್ಕವೇ ತಪ್ಪುತ್ತದೆ.

ಈಗ ಇನ್ನೊಂದು ಹುಲಿಯನ್ನು ನೋಡಿ. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿದರೆ ಹುಲಿ-ಕುರಿ ಆಟದ ನೆನಪು ಹೇಳಿಯಾರು. ನೆಲದ ಮೇಲೆ ಇದ್ದಿಲಿನಿಂದ ಮನೆ ಬರೆದು, ದೊಡ್ಡ ಕಲ್ಲನ್ನು ಹುಲಿ, ಸಣ್ಣ ಹರಳನ್ನು ಕುರಿ ಎನ್ನುವ ಆಟ. ನಿಯಮಗಳು ಊರಿಂದೂರಿಗೆ ಸ್ವಲ್ಪ ಬೇರೆ. ದಕ್ಷಿಣ ಭಾರತದಲ್ಲಿ 23 ಬಿಂದುಗಳ ಮನೆ, 3 ಹುಲಿ, 15 ಕುರಿಗಳ ಆಟ ಪ್ರಸಿದ್ಧ. ನೇಪಾಳದ ಆಟದಲ್ಲಿ 4 ಹುಲಿ, 20 ಕುರಿ. ಕುರಿಯ ಹಿಂದಿನ ಬಿಂದು ಖಾಲಿ ಇದ್ದರೆ ಹುಲಿ ಹಾರಿ ಅದನ್ನು ತಿನ್ನುತ್ತದೆ. ಕುರಿಗಳು ಒತ್ತೊತ್ತಾಗಿ ನಿಂತರೆ ಹುಲಿಗೆ ದಾರಿ ಸಿಗುವುದಿಲ್ಲ, ಕೊನೆಗೆ ಅದೇ ಕಟ್ಟಿಬೀಳುತ್ತದೆ. ಈ ಕಲ್ಲಿಗೆ ಪಟ್ಟೆಯಿಲ್ಲ, ಬಾಲವಿಲ್ಲ. ಆದರೂ ಒಂಟಿ ಬಲಶಾಲಿಗೂ ಒಗ್ಗಟ್ಟಿನ ಹಿಂಡಿಗೂ ಇರುವ ಸಂಬಂಧವನ್ನು ಅದು ನಿಖರವಾಗಿ ತೋರಿಸುತ್ತದೆ.

ವೀಡಿಯೋ ಗೇಮಿನ ಇತಿಹಾಸವೂ ಇಂಥ ಕಲ್ಲುಹರಳಿನಿಂದಲೇ ಪ್ರಾರಂಭವಾಯಿತೆನ್ನಬಹುದು. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಭೌತವಿಜ್ಞಾನಿ ವಿಲಿಯಂ ಹಿಗಿನ್‌ಬಾಥಂ, ಆಸಿಲೋಸ್ಕೋಪಿನ ಪರದೆಯ ಮೇಲೆ ಟೆನಿಸ್ ಆಟವೊಂದನ್ನು ರಚಿಸಿದರು. ಚೆಂಡು ಬೆಳಕಿನ ಒಂದು ಚುಕ್ಕೆ, ಬಲೆ ಒಂದು ಪುಟ್ಟ ಗೆರೆ. ಆಟಗಾರರ ಚಿತ್ರವೇ ಇರಲಿಲ್ಲ. 1972ರಲ್ಲಿ ಅಟಾರಿ ಕಂಪನಿಯ ಪಾಂಗ್ ಬಂದಾಗಲೂ ಪರದೆಯ ಮೇಲಿದ್ದದ್ದು ಎರಡು ಗೆರೆ, ಒಂದು ಚೌಕ ಚೆಂಡು.

ಯಂತ್ರದ ಬಡತನವೇ ಕೆಲವೊಮ್ಮೆ ವರವಾದದ್ದುಂಟು. 1978ರ ಜಪಾನಿ ಆಟ ಸ್ಪೇಸ್ ಇನ್ವೇಡರ್ಸ್‌ನಲ್ಲಿ 55 ಅನ್ಯಗ್ರಹ ಜೀವಿಗಳು ಸಾಲಾಗಿ ಇಳಿದು ಬರುತ್ತವೆ. ಅಷ್ಟನ್ನೂ ಬಿಡಿಸಲು ಅಂದಿನ ಪ್ರೊಸೆಸರ್ ಏದುಸಿರು ಬಿಡುತ್ತಿತ್ತು. ಆಟಗಾರ ಹೊಡೆದುರುಳಿಸುತ್ತ ಹೋದಂತೆ ಅದರ ಹೊರೆ ಇಳಿದು, ಉಳಿದವುಗಳ ವೇಗ ತಾನಾಗಿ ಏರುತ್ತಿತ್ತು. ಇದನ್ನು ಕಂಡ ನಿರ್ಮಾಪಕ ತೊಮೊಹಿರೊ ನಿಶಿಕಾಡೊ ಅದನ್ನು ಹಾಗೆಯೇ ಉಳಿಸಿಕೊಂಡರು. ಆಟದ ರೋಮಾಂಚನವೇ ಅದಾಯಿತು! 1981ರಲ್ಲಿ ಶಿಗೆರು ಮಿಯಾಮೊಟೊ ಮಾರಿಯೋನನ್ನು ರೂಪಿಸಿದಾಗ, ಕೆಲವೇ ಚುಕ್ಕೆಗಳಲ್ಲಿ ಕೂದಲು, ಬಾಯಿ ಮೂಡಿಸುವುದು ಕಷ್ಟವಾಗಿ ಟೋಪಿ, ಮೀಸೆ ಇಟ್ಟರು. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿತ್ನೋವ್ ಟೆಟ್ರಿಸ್ ಬರೆದ ಕಂಪ್ಯೂಟರಿಗೆ ಚಿತ್ರ ಬಿಡಿಸುವ ಶಕ್ತಿಯೇ ಇರಲಿಲ್ಲ. ಬರವಣಿಗೆಯ ಆವರಣ ಚಿಹ್ನೆಗಳನ್ನೇ ಜೋಡಿಸಿ ಇಟ್ಟಿಗೆ ಮಾಡಿಕೊಂಡರು.

ಹಾಗಾದರೆ ನೈಜ ಚಿತ್ರಗಳಿಗೆ ಬೆಲೆಯೇ ಇಲ್ಲವೇ? ಖಂಡಿತ ಇದೆ. ಅದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. 1997ರಲ್ಲಿ ರಾಜೇಶ್ ರಾವ್ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ಕಲಾವಿದರು ಫೋರ್ಜಾ ಎಂಬ ಕಾರ್ ರೇಸಿನ ಆಟಕ್ಕೆ ಕಾರುಗಳ ನೈಜ ಮಾದರಿಗಳನ್ನು ರಚಿಸಿಕೊಟ್ಟರು. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಆ ಸಂಸ್ಥೆಯನ್ನು ಕೊಂಡಿತು. ರೇಸಿನಲ್ಲಿ ತಿರುವು ಎಷ್ಟು ದೂರವಿದೆ, ರಸ್ತೆ ಒದ್ದೆಯಾಗಿದೆಯೇ ಎಂಬುದನ್ನು ಕಣ್ಣಿನಿಂದಲೇ ಅಳೆಯಬೇಕು. ಅಲ್ಲಿ ನೈಜತೆ ಕೆಲಸಕ್ಕೆ ಬರುತ್ತದೆ.

ಆದರೆ ಒಂದು ಎಚ್ಚರಿಕೆ ಅಗತ್ಯ. 1970ರಲ್ಲಿ ಜಪಾನಿನ ಮಸಾಹಿರೊ ಮೋರಿ ಎಂಬ ರೋಬಾಟ್ ತಜ್ಞರು ಒಂದು ವಿಚಾರ ಮುಂದಿಟ್ಟರು. ಗೊಂಬೆ ಮನುಷ್ಯನನ್ನು ಹೋಲುತ್ತಾ ಹೋದಂತೆ ನಮಗೆ ಅದರ ಮೇಲೆ ಪ್ರೀತಿ ಹೆಚ್ಚುತ್ತದೆ. ಆದರೆ ಬಹುಮಟ್ಟಿಗೆ ಹೋಲಿ, ಪೂರ್ತಿ ಹೋಲದಿದ್ದಾಗ ಥಟ್ಟನೆ ಅಂಜಿಕೆ ಹುಟ್ಟುತ್ತದೆ. ಮಾರಿಯೋನ ಮೀಸೆಯನ್ನು ಒಪ್ಪುವ ನಾವು, ನಿಜದಂತಿದ್ದೂ ಕಣ್ಣಲ್ಲಿ ಜೀವವಿಲ್ಲದ ಮುಖವನ್ನು ಒಪ್ಪುವುದಿಲ್ಲ.

ಇನ್ನೊಂದು ಹಳೆಯ ಉದಾಹರಣೆ ಈ ವಿಷಯವನ್ನು ಸ್ಪಷ್ಟಪಡಿಸುತ್ತದೆ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ವಿಮಾನ ಚಾಲನೆ ಕಲಿಸುವ ಯಂತ್ರವೊಂದನ್ನು ಮಾಡಿದರು. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಪೈಲಟ್‌ಗಳು ಇಂಥ ಯಂತ್ರಗಳಲ್ಲಿ ಕಲಿತರು. ಮೋಡದಲ್ಲಿ ಹಾರುವುದನ್ನು ಕಲಿಸುವಾಗ ಮುಚ್ಚಳ ಹಾಕಿಬಿಡುತ್ತಿದ್ದರು. ಆಕಾಶವಿಲ್ಲ, ನೆಲವಿಲ್ಲ. ಎದುರಿಗೆ ಮೀಟರುಗಳ ಮುಳ್ಳುಗಳು ಮಾತ್ರ. ಮೋಡದಲ್ಲಿ ಸಿಕ್ಕ ಪೈಲಟ್ ಆ ಮುಳ್ಳುಗಳನ್ನೇ ನಂಬಿ ತೀರ್ಮಾನಿಸಬೇಕಾದ್ದರಿಂದ ಅವು ನಿಜದಂತೆ ವರ್ತಿಸಿದರೆ ಸಾಕಾಗಿತ್ತು.

ಇಲ್ಲಿಂದ ಒಂದು ಸೂತ್ರ ಹೊರಡುತ್ತದೆ: ಆಟಗಾರ ಯಾವುದನ್ನು ನೋಡಿ ತೀರ್ಮಾನ ಮಾಡುತ್ತಾನೋ ಅದರಲ್ಲಿ ನೈಜತೆ ಇರಬೇಕು. ಉಳಿದದ್ದು ಅಲಂಕಾರ. ಅಲಂಕಾರ ಬೇಡವೆಂದಲ್ಲ, ಆದರೆ ಅದಕ್ಕೆ ನೂರಾರು ಕಲಾವಿದರು, ಹಲವು ವರ್ಷಗಳು, ಅಪಾರ ಹಣ ಬೇಕು. ಇತ್ತ 2011ರಲ್ಲಿ ಪೂರ್ಣರೂಪದಲ್ಲಿ ಬಿಡುಗಡೆಯಾದ ಮೈನ್‌ಕ್ರಾಫ್ಟ್‌ನ ಲೋಕವೆಲ್ಲ ಚೌಕ ಚೌಕದ ಇಟ್ಟಿಗೆಗಳು. 2023ರ ಹೊತ್ತಿಗೆ ಅದರ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು.

ಈ ಮಾತು ನಿಮಗೇಕೆ ಮುಖ್ಯ? ಹಳಿಯಾಳದಲ್ಲಿ ಇಂದು ಇಂಜಿನಿಯರಿಂಗ್ ಕಾಲೇಜೇ ಇದೆ. ಆದರೂ ದುಬಾರಿ ಕಂಪ್ಯೂಟರ್ ಇಲ್ಲ, ಚಿತ್ರ ಬರೆಯುವ ಕೈಯಿಲ್ಲ ಎಂದು ಆಟ ರಚಿಸುವ ಆಸೆಯನ್ನು ಮೊದಲೇ ಕೈಬಿಡುವವರು ನಿಮ್ಮಲ್ಲಿ ಇರಬಹುದು. ಹಾಗೆ ಮಾಡಬೇಡಿ. ಒಂದು ಹಾಳೆ, ಹತ್ತಿಪ್ಪತ್ತು ಹುಣಸೆಬೀಜ ತೆಗೆದುಕೊಳ್ಳಿ. ಜೋಯಿಡಾದ ಕಾಡಿನಲ್ಲಿ ನೀರಿಗೆ ಬರುವ ಜಿಂಕೆ, ಹೊಂಚು ಹಾಕುವ ಹುಲಿ, ಎಚ್ಚರಿಸುವ ಮಂಗ, ಇಷ್ಟಕ್ಕೆ ನಿಯಮಗಳನ್ನು ಬರೆಯಿರಿ. ಗೆಳೆಯನನ್ನು ಕೂರಿಸಿ ಆಡಿಸಿ. ಅವನು ಎಲ್ಲಿ ಬೇಸರಪಟ್ಟ, ಎಲ್ಲಿ ಉಸಿರು ಬಿಗಿಹಿಡಿದ ಎಂದು ಗಮನಿಸಿ, ನಿಯಮ ತಿದ್ದಿ. ಅವನು ‘ಇನ್ನೊಂದು ಆಟ ಆಡೋಣ’ ಎಂದ ದಿನ ಹುಲಿಗೆ ಪಟ್ಟೆ ಬರೆಯುವವರನ್ನು ಹುಡುಕಿದರೆ ಸಾಕು.